ಅತ್ತಿ ಸೊಸಿ ಸೆಮಿಫೈನಲ್

ಉಡಚವ್ವ: ಹುಲಿಗ್ಯಾ, ನಿನ್ನ ಹೇಣ್ತಿಗೆ ಹೇಳು, ಆ ಛತ್ರಿ ಮಡಚಂತ. ಅದರ ಕಡ್ಡಿ ನನ್ನ ಕಣ್ಣಿಗೆ ಬರಾಕತ್ತೈತಿ.

ಹುಲಿಗೇಶ: ಸುಶ್ಮಿತಾ, ಛತ್ರಿ ಮಡಚಬೇಕಂತ.

ಸುಶ್ಮಿತಾ: ಬಿಸಲ ಐತಿ ಅಂತ ಹೇಳ್ರಿ.

ಹುಲಿಗೇಶ: ಅವ್ವಾ, ಬಿಸಲ ಐತಂತ.

ಉಡಚವ್ವ: ಬಿಸಲ ಐತಿ ಅಂತ ನನಗ ಕಾಣೂದಿಲ್ಲೇನು? ನನ್ನ ಕಣ್ಣ ಹೋಗ್ಯಾವು ಅಂತಾಳೇನು ಅಕೀ?

ಹುಲಿಗೇಶ: ಸುಶ್ಮಿತಾ, ಅವ್ವನ ಕಣ್ಣ ಹೋಗ್ಯಾವು ಅಂದೇನು?

ಸುಶ್ಮಿತಾ: ನಾ ಎಲ್ಲಿ ಅಂದೆ! ಅವರಿಗೂ ನೆರಳ ಬೀಳಲಿ ಅಂತ ಆ ಕಡೆ ಹೊಳ್ಳಿಸಿ ಹಿಡದೇನಿ. ಬ್ಯಾಡಂದ್ರ ಬಿಡಲಿ.

ಹುಲಿಗೇಶ: ಅವ್ವಾ, ಬ್ಯಾಡಂದ್ರ ಬಿಡಬೇಕಂತ ನೀ.

ಉಡಚವ್ವ: ಏನ ಬಿಡಬೇಕು? ಮನಿ ಬಿಡಬೇಕೇನು?

ಹುಲಿಗೇಶ ಛತ್ರಿಯನ್ನು ಕಸಿದುಕೊಂಡು, ತಾನೇ ಮಡಚಿ ತೊಡೆಯ ಮೇಲಿಟ್ಟುಕೊಂಡ. ರಾಣೆಬೆನ್ನೂರಿನ ಆ ಮೈದಾನದ ಕಲ್ಲಿನ ಮೆಟ್ಟಿಲ ಮೇಲೆ ಅವನ ಎಡಕ್ಕೆ ತಾಯಿ ಉಡಚವ್ವ, ಬಲಕ್ಕೆ ಹೆಂಡತಿ ಸುಶ್ಮಿತಾ. ಮೂವರೂ ಬ್ಯಾಡಗಿಯ ಒಂದೇ ಮನೆಯವರು. ಅಲ್ಲಿ ಹುಲಿಗೇಶನದು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ಎಂಥ ಸುಟ್ಟ ಮೋಟರಿಗೂ ಹೊಸ ತಂತಿ ಸುತ್ತಿ ತಿರುಗಿಸಬಲ್ಲವನಿಗೆ ಮನೆಯಲ್ಲಿ ಕೆಟ್ಟು ನಿಂತದ್ದನ್ನು ಸರಿಮಾಡಲು ಆಗಿರಲಿಲ್ಲ.

ಕೆಟ್ಟದ್ದು ಯುಗಾದಿ ಕಳೆದ ಮೇಲೆ. ಸುಶ್ಮಿತಾ ಮಗಳು ಕಾವೇರಿಯ ಉದ್ದ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಬಿಟ್ಟಳು. ದಿನಾ ಮುಂಜಾನೆ ಆ ಕೂದಲಿಗೆ ಎರಡು ಜಡೆ ಹಾಕುತ್ತಿದ್ದವಳು ಉಡಚವ್ವ. ಅಂದಿನಿಂದ ಅವಳು ಸೊಸೆಯ ಜೊತೆ ನೇರವಾಗಿ ಮಾತಾಡಿಲ್ಲ. ಸೊಸೆಗೂ ಹಟ. ಮಾತೆಲ್ಲ ಹುಲಿಗೇಶನ ಮೂಲಕವೇ ಹೋಗಬೇಕು, ಬರಬೇಕು. ಬೇಸಿಗೆಯ ಸೂಟಿಗೆಂದು ಕಾವೇರಿ ಹಾವೇರಿಯ ಸೋದರತ್ತೆಯ ಮನೆಗೆ ಹೋದ ಮೇಲಂತೂ ಅಡುಗೆಮನೆಯಲ್ಲಿ ಪಾತ್ರೆಗಳದ್ದಷ್ಟೇ ಸದ್ದು.

ಉಡಚವ್ವ: ಅದೆಲ್ಲಾ ಇರ್ಲಿ. ನೀ ನನಗ ಏನಂದಿ? 'ಅವ್ವಾ, ನಡಿ, ಅಂಜಿನಪ್ಪನ ಕಬಡ್ಡಿ ನೋಡ್ಕೊಂಡ ಬರೂಣು' ಅಂದಿ. ಈಕೀನೂ ಬರ್ತಾಳ ಅಂತ ಅಂದಿದ್ದೇನು?

ಹುಲಿಗೇಶ: ಬರೂದಿಲ್ಲ ಅಂತನೂ ಅಂದಿದ್ದಿಲ್ಲಲ್ಲ ಅವ್ವಾ.

ಸುಶ್ಮಿತಾ: ಮತ್ತ ನನಗ? 'ನಿನ್ನ ತಮ್ಮ ಸೆಮಿಫೈನಲ್ ಆಡಾಕತ್ತಾನ, ಲಗೂ ರೆಡಿ ಆಗು' ಅಂದ್ರಿ. ಬಸ್ಸಿನ್ಯಾಗ ನನ್ನ ಹಿಂದ ಕುಂದ್ರಿಸಿದ್ರಿ, ಅವರನ್ನ ಮುಂದ ಕುಂದ್ರಿಸಿದ್ರಿ. ಇಳದ ಮ್ಯಾಲ ನೋಡ್ತೇನಿ, ಇಬ್ರೂ ಒಂದ ಬಸ್ಸಿನ್ಯಾಗಿಂದ ಇಳಿಯಾಕತ್ತೇವಿ!

ಹುಲಿಗೇಶ: ಬಸ್ಸು ಒಂದ ಇತ್ತು. ನಾ ಏನ ಮಾಡ್ಲಿ?

ಉಡಚವ್ವ: ಏನಂತಾಳ ಅಕೀ?

ಹುಲಿಗೇಶ: ಬಸ್ಸು ಚಲೋ ಇತ್ತಂತ.

ಖರೇ ಹೇಳಬೇಕೆಂದರೆ ಹುಲಿಗೇಶನ ಲೆಕ್ಕಾಚಾರ ಬೇರೆಯೇ ಇತ್ತು. ಇಬ್ಬರನ್ನೂ ಮನೆಯಿಂದ ಹೊರಗೆ ಹಾಕಿ, ಸಾವಿರ ಜನರ ನಡುವೆ ಕೂರಿಸಿದರೆ ಎಲ್ಲಾದರೂ ಒಂದು ನಗುವಾದರೂ ಬಂದೀತು ಎಂದುಕೊಂಡಿದ್ದ. ಸೆಮಿಫೈನಲ್ಲಿನಲ್ಲಿ ಯಾವ ಊರು ಯಾವ ಊರಿನ ಎದುರು ಬರುತ್ತದೆಂದು ಮಾತ್ರ ವಿಚಾರಿಸಿರಲಿಲ್ಲ. ಅಷ್ಟರಲ್ಲಿ ಮೈಕು ಕರಕರ ಅಂದು, ಮೊದಲ ಸೆಮಿಫೈನಲ್ ಕಾಗಿನೆಲೆ ಮತ್ತು ಮೋಟೆಬೆನ್ನೂರು ತಂಡಗಳ ನಡುವೆ ಎಂದು ಕೂಗಿತು.

ಉಡಚವ್ವನ ತವರು ಕಾಗಿನೆಲೆ. ಅವಳ ತಮ್ಮ ಗೋಣೆಪ್ಪನ ಮಗನೇ ಅಂಜಿನಪ್ಪ. ಸುಶ್ಮಿತಾಳ ತವರು ಮೋಟೆಬೆನ್ನೂರು. ಅವಳ ತಮ್ಮನ ಹೆಸರು ದುರ್ಗೇಶ.

ಉಡಚವ್ವ: ಹಿಂಗೋ! ಹುಲಿಗ್ಯಾ, ನೀ ಯಾರ ಕಡೆ?

ಸುಶ್ಮಿತಾ: ಹೌದ್ರಿ, ನೀವು ಯಾರ ಕಡೆ?

ಹುಲಿಗೇಶ: ನಾ ಬ್ಯಾಡಗಿ ಕಡೆ.

ಸುಶ್ಮಿತಾ: ಬ್ಯಾಡಗಿ ನಿನ್ನೆನ ಸೋತು ಮನಿಗೆ ಹೋಗೇತಿ.

ಹುಲಿಗೇಶ: ಅದಕ್ಕ ನಾನೂ ಸೋತ ಕುಂತೇನಿ. ನನ್ನ ಬಿಡ್ರಿ.

ಸೀಟಿ ಊದಿದರು. ಮೋಟೆಬೆನ್ನೂರಿನ ಕೆಂಪು ಅಂಗಿಯ ದುರ್ಗೇಶ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಎದುರು ಅಂಕಣಕ್ಕೆ ನುಗ್ಗಿದ. ಮೆಟ್ಟಿಲುಗಳ ಮೇಲಿನ ಜನ ಹೋ ಅಂದರು. ಉಡಚವ್ವ ಹುಟ್ಟಿ ಇಷ್ಟು ವರ್ಷಕ್ಕೆ ಕಬಡ್ಡಿಯನ್ನು ಪೂರ್ತಿ ಕುಳಿತು ನೋಡಿದವಳಲ್ಲ. ಹುಲಿಗೇಶನಿಗೂ ಮೋಟರ್ ಬಿಟ್ಟರೆ ಬೇರೆ ಗೊತ್ತಿಲ್ಲ. ಗೊತ್ತಿದ್ದವಳು ಸುಶ್ಮಿತಾ, ಶಾಲೆಯಲ್ಲಿ ಆಡಿದವಳು.

ಉಡಚವ್ವ: ಆ ಹುಡುಗ ಒಬ್ಬನ ಏಳು ಮಂದಿ ನಡುವ ಹೋದನಲ್ಲ, ತಿಳುವಳಿಕಿ ಇಲ್ಲೇನು ಅವಗ?

ಹುಲಿಗೇಶ: ಸುಶ್ಮಿತಾ, ನಿನ್ನ ತಮ್ಮಗ ತಿಳುವಳಿಕಿ ಇಲ್ಲೇನು ಅಂತ ಕೇಳ್ತಾಳ ಅವ್ವ.

ಸುಶ್ಮಿತಾ: ಏನಂದ್ರಿ?

ಹುಲಿಗೇಶ: ನಾ ಅಲ್ಲ, ಅವ್ವ.

ಸುಶ್ಮಿತಾ: ಅದಕ್ಕ ರೈಡ್ ಅಂತಾರ ಅಂತ ಹೇಳ್ರಿ. ಒಬ್ಬನ ಹೋಗಬೇಕು, ಮುಟ್ಟಿ ಬರಬೇಕು.

ಹುಲಿಗೇಶ: ಅವ್ವಾ, ಮುಟ್ಟಿ ಬರಬೇಕಂತ.

ಉಡಚವ್ವ: ಯಾರನ್ನ?

ಹುಲಿಗೇಶ: ಯಾರನ್ನ?

ಸುಶ್ಮಿತಾ: ಯಾರನ್ನರೆ.

ಹುಲಿಗೇಶ: ಯಾರನ್ನರೆ ಅಂತ.

ಉಡಚವ್ವ: ಯಾರನ್ನರೆ ಅಂದ್ರ ಯಾರನ್ನೋ? ನಮ್ಮ ಅಂಜಿನಪ್ಪನ್ನ ಮುಟ್ಟಿದನೇನು?

ಹುಲಿಗೇಶ: ಅಂಜಿನಪ್ಪನ್ನ ಮುಟ್ಟಿದನೇನು?

ಸುಶ್ಮಿತಾ: ಅಯ್ಯ, ಅಂವ ಮುಟ್ಟಿ ಬಂದು, ಆ ಕಡೆಯಿಂದ ಒಬ್ಬ ಬಂದು ಹೋಗಿ, ಈಗ ಮೂರನೇ ರೈಡ್ ನಡದೈತಿ! ನಡುವ ಕುಂತು ಏನ ಪೋಸ್ಟ್ ಹಂಚಾಕತ್ತೀರಿ ನೀವು?

ಕೆಳಗೆ ಅಂಕಣದ ಹೊರಗೆ ಕಾಗಿನೆಲೆಯ ಹಳದಿ ಅಂಗಿಯಲ್ಲಿ ಅಂಜಿನಪ್ಪ ಸುಮ್ಮನೆ ಕುಳಿತಿದ್ದ. ಅದು ಉಡಚವ್ವನ ಕಣ್ಣಿಗೆ ಬಿತ್ತು.

ಉಡಚವ್ವ: ನಮ್ಮ ಹುಡುಗ ಯಾಕ ಹೊರಗ ಕುಂತಾನ? ಹೊಟ್ಟಿ ನೋವೇನು?

ಹುಲಿಗೇಶ: ಔಟ್ ಆಗ್ಯಾನವ್ವಾ.

ಉಡಚವ್ವ: ಯಾರ ಮಾಡಿದ್ರು?

ಹುಲಿಗೇಶ: ದುರ್ಗೇಶ.

ಉಡಚವ್ವ: ಹೌದ? ಅಕ್ಕ ಮನ್ಯಾಗ ನನ್ನ ಹೊರಗ ಕುಂದ್ರಿಸ್ಯಾಳ, ತಮ್ಮ ಇಲ್ಲಿ ನನ್ನ ಅಳಿಯನ್ನ ಹೊರಗ ಕುಂದ್ರಿಸ್ಯಾನ. ಇವರ ಮನಿತನದ ಕೆಲಸನ ಇದು ಅಂತ ಹೇಳು.

ಹುಲಿಗೇಶ: ಸುಶ್ಮಿತಾ, ನಿಮ್ಮದು ದೊಡ್ಡ ಮನಿತನ ಅಂತ.

ಸುಶ್ಮಿತಾ: ನನಗ ಕಿವಿ ಅದಾವು.

ಆಟ ಬಿಸಿಯಾಯಿತು. ಕಾಗಿನೆಲೆಯವರು ಮೋಟೆಬೆನ್ನೂರಿನ ಒಬ್ಬ ಉದ್ದನೆಯ ಹುಡುಗನನ್ನು ನಡುಗೆರೆಯ ಹತ್ತಿರವೇ ಹಿಡಿದು ಕೆಡವಿದರು. ಅಂಜಿನಪ್ಪ ಎದ್ದು ಕುಣಿಯುತ್ತ ಅಂಕಣದೊಳಗೆ ಓಡಿಬಂದ. ಉಡಚವ್ವ ಮಗನ ಬೆನ್ನಿನ ಮೇಲೆ ಕೈಯೂರಿ ಮುಂದೆ ಬಾಗಿದಳು.

ಉಡಚವ್ವ: ಅಯ್ಯ, ಔಟ್ ಆದವ ಮತ್ತ ಹ್ಯಾಂಗ ಬಂದ?

ಸುಶ್ಮಿತಾ: ನಿಮ್ಮವ್ರು ನಮ್ಮ ಕಡೆ ಒಬ್ಬನ್ನ ಹಿಡದ್ರಲ್ರಿ, ಅದಕ್ಕ ನಿಮ್ಮ ಕಡೆ ಹೊರಗ ಕುಂತವ ಒಬ್ಬ ಒಳಗ ಬರ್ತಾನ.

ಉಡಚವ್ವ: ಹೊರಗ ಕುಂತವ್ರನ್ನ ಮತ್ತ ಒಳಗ ಕರೀತಾರೇನು? ಚಲೋ ಆಟ ಐತಲ್ಲ ಇದು!

ಸುಶ್ಮಿತಾ: ಹೌದ್ರಿ. ಈಗ ನೋಡ್ರಿ, ನಿಮ್ಮ ಅಳಿಯ ಮೂಲ್ಯಾಗ ಹ್ಯಾಂಗ ನಿಂತಾನ! ಕಾಲಿಗೆ ಬೀಳಾಕ ಕಾಯಾಕತ್ತಾನ.

ಉಡಚವ್ವ: ಯಾರ ಕಾಲಿಗೆ? ಅಂವ ದೀಪಾವಳಿಗೆ ಬಂದ್ರ ನನ್ನ ಕಾಲಿಗೇ ಬೀಳಂಗಿಲ್ಲ!

ಸುಶ್ಮಿತಾ: ಆ ಬೀಳೂದಲ್ರಿ, ಹಿಡಿಯಾಕ ಬೀಳೂದು!

ಸುಶ್ಮಿತಾ ಕಿಸಕ್ಕನೆ ನಕ್ಕಳು. ಉಡಚವ್ವನ ತುಟಿಯ ತುದಿಯೂ ಅಲುಗಿತು. ನಡುವೆ ಕುಳಿತ ಹುಲಿಗೇಶ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇರಲಿಲ್ಲ.

ಹುಲಿಗೇಶ: ಏ, ನೀವಿಬ್ರೂ ಮಾತಾಡಾಕತ್ತೀರಿ!

ಇಬ್ಬರೂ ಬಾಯಿ ಮುಚ್ಚಿದರು. ಉಡಚವ್ವ ಸೆರಗು ಎಳೆದುಕೊಂಡು ನೆಟ್ಟಗೆ ಕುಳಿತಳು. ಸುಶ್ಮಿತಾ ಛತ್ರಿ ಕಸಿದುಕೊಂಡು ಮತ್ತೆ ಬಿಚ್ಚಿದಳು. ಕಡ್ಡಿ ಈ ಸಲ ಹುಲಿಗೇಶನ ಕಿವಿಗೇ ಬಂತು.

ವಿರಾಮ ಕಳೆದು ಎರಡನೆಯ ಅವಧಿ ಮುಗಿಯುತ್ತ ಬಂದಾಗ ಎರಡೂ ಕಡೆ ಪಾಯಿಂಟು ಸಮ. ಉಳಿದದ್ದು ಒಂದೇ ರೈಡು, ಅದು ಮೋಟೆಬೆನ್ನೂರಿನದು. ದುರ್ಗೇಶ ಬಂದ. ಜನ ಎದ್ದು ನಿಂತರು. ಅವನು ಒಬ್ಬನ ಭುಜ ತಟ್ಟಿ ಹಿಂದಕ್ಕೆ ತಿರುಗುವಷ್ಟರಲ್ಲಿ ಮೂಲೆಯಿಂದ ಅಂಜಿನಪ್ಪ ಹಾರಿ ಅವನ ಪಾದ ಹಿಡಿದ. ದುರ್ಗೇಶ ಬೋರಲು ಬಿದ್ದ. ಮೇಲೆ ಇನ್ನೊಬ್ಬ ಬಿದ್ದ. ಕಾಲು ಒಂದು ಕಡೆ ಸೊಟ್ಟಗಾಗಿ ಸಿಕ್ಕಿಕೊಂಡಿತು.

'ಅವ್ವಾ!' ಎಂದು ಅವನು ಕೂಗಿದ್ದು ಮೆಟ್ಟಿಲವರೆಗೂ ಕೇಳಿಸಿತು.

ಸುಶ್ಮಿತಾಳ ಕೈಯಿಂದ ಛತ್ರಿ ಜಾರಿ ಕೆಳಗೆ ಬಿತ್ತು. ಉಡಚವ್ವ ಒಂದು ಕ್ಷಣ ಅಂಕಣ ನೋಡಿದಳು, ಒಂದು ಕ್ಷಣ ಸೊಸೆಯ ಮುಖ ನೋಡಿದಳು. ಆಮೇಲೆ ಹುಲಿಗೇಶನ ತಲೆಯ ಮೇಲೆ ಕೈಯೂರಿ ಎದ್ದಳು.

ಉಡಚವ್ವ: ಏ ಅಂಜ್ಯಾ! ಬಿಡೋ ಅವನ್ನ! ಕಾಲ ಮುರೀತೈತೋ! ಅಂವ ನಮ್ಮ ಸುಶ್ಮಿತಾನ ತಮ್ಮ! ಬಿಡೋ ಅಂತೇನಿ!

ಅಂಜಿನಪ್ಪನ ಹಿಡಿತ ಜಾರಿತು. ದುರ್ಗೇಶ ಹಾವಿನ ಹಾಗೆ ಹರಿದು ಕೈ ಚಾಚಿದ. ಬೆರಳ ತುದಿ ನಡುಗೆರೆಗೆ ತಾಗಿತು. ಸೀಟಿ ಊದಿದರು, ಮೋಟೆಬೆನ್ನೂರು ಗೆದ್ದಿತು.

ಕೆಂಪು ಅಂಗಿಯವರು ಕುಣಿಯುತ್ತಿದ್ದರೆ ಮೆಟ್ಟಿಲ ಎಡಭಾಗದಲ್ಲಿದ್ದ ಕಾಗಿನೆಲೆಯ ಜನ ಒಟ್ಟಿಗೆ ತಲೆ ತಿರುಗಿಸಿ ಹುಡುಕತೊಡಗಿದರು. ಅವರ ಮುಂದಾಳು ಖಲಂದರ. ಕಾಗಿನೆಲೆಯಿಂದ ತಂಡವನ್ನೂ ಜನವನ್ನೂ ತನ್ನ ಟೆಂಪೋದಲ್ಲಿ ಹೇರಿಕೊಂಡು ಬಂದವನು. ಸಿಟ್ಟಿನಿಂದ ಎರಡೆರಡು ಮೆಟ್ಟಿಲು ಹತ್ತಿ ಬಂದ.

ಖಲಂದರ: ಯಾರದು? 'ಬಿಡು' ಅಂದಾಕಿ ಯಾರು?

ಉಡಚವ್ವ: ನಾನೋ ಖಲಂದರ.

ಖಲಂದರ: ಉಡಚಕ್ಕಾ! ನೀನ? ನಮ್ಮೂರ ಮಗಳಾಗಿ ನಮ್ಮ ಹುಡುಗನ ಕೈ ಬಿಡಿಸಿದೆಲ್ಲ! ಹಿಡದದ್ದು ಹಿಡದಂಗ ಇದ್ದಿದ್ರ ಫೈನಲ್ ಆಡ್ತಿದ್ವಿ. ಲಗ್ನ ಆಗಿ ಬ್ಯಾಡಗಿಗೆ ಹೋದ ಮ್ಯಾಲ ಕಾಗಿನೆಲಿ ಮರ್ತೇಬಿಟ್ಟೆಲ್ಲ ನೀ!

ಹಿಂದಿನ ಜನ 'ಹೌದು, ಹೌದು' ಅಂದರು. ಯಾವ ಮಾತಿಗೂ ಸೋಲದ ಉಡಚವ್ವ ತಲೆ ತಗ್ಗಿಸಿದಳು. ತವರಿನವರು ಹೀಗೆ ಎಲ್ಲರೆದುರು ಅಂದದ್ದು ಇದೇ ಮೊದಲು. ಹುಲಿಗೇಶ ಏಳಲು ನೋಡಿದ. ಅವನಿಗಿಂತ ಮೊದಲು ಸುಶ್ಮಿತಾ ಅವನ ಮೊಳಕಾಲು ದಾಟಿ ಅತ್ತೆಯ ಮುಂದೆ ಹೋಗಿ ನಿಂತಿದ್ದಳು.

ಸುಶ್ಮಿತಾ: ರೀ ಯಜಮಾನ್ರ, ಒಂದ ಮಾತ ಹೇಳ್ರಿ. ನೀವು ಆಟ ಚಾಲೂ ಆದಾಗಿಂದ 'ಹಿಡೀ, ಹಿಡೀ' ಅಂತ ಒದರಾಕತ್ತಿದ್ರಿ ಹೌದಲ್ಲ?

ಖಲಂದರ: ಹೌದು, ಒದರಿದ್ವಿ. ನಮ್ಮ ಟೀಮು.

ಸುಶ್ಮಿತಾ: ಎಲ್ಲಾರೂ ಕೂಡಿ ಒದರಿದ್ರಿ. ಆದ್ರೂ ಗಟ್ಟಿ ಹಿಡೀಲಿಲ್ಲ. ನಮ್ಮ ಅತ್ತಿ ಒಬ್ಬರ 'ಬಿಡು' ಅಂದ್ರು. ಅಂದ ಕೂಡ್ಲೆ ಬಿಟ್ಟ. ಅಂದ್ರ ನಿಮ್ಮ ಹುಡುಗ ಯಾರ ಮಾತ ಕೇಳ್ತಾನಂಗಾತು?

ಖಲಂದರ: ಅದು... ಅದ ನಾನೂ ಅನ್ನಾಕತ್ತೇನಿ...

ಸುಶ್ಮಿತಾ: ಹಂಗಿದ್ರ ಮುಂದಿನ ಸಲ ನಮ್ಮ ಅತ್ತೀನ ಮ್ಯಾನೇಜರ್ ಮಾಡ್ಕೊಳ್ರಿ. ಕಪ್ ನಿಮ್ಮದ! ಇನ್ನ ತಪ್ಪು ಅಂತೀರಿ. ನೋಡಾವ್ರು ಒದರಬಾರದು ಅಂತ ಯಾವ ರೂಲ್ಸ್‌ನ್ಯಾಗ ಐತಿ? ಅಂಪೈರ್ ಅಲ್ಲೇ ಅದಾರ, ನಡ್ರಿ ಕೇಳೂಣು. ಒಂದ ಹುಡುಗನ ಕಾಲ ಸೊಟ್ಟಗಾಗಿದ್ದು ಕಂಡು ಹಿರೇ ಮನಷ್ಯಾಳು 'ಬಿಡು' ಅಂದ್ರ, ಅದಕ್ಕ ಇಷ್ಟ ಮಂದಿ ಬಂದು ಜಬರಸ್ತೀರೇನು? ನಿಮ್ಮ ಹುಡುಗನ ಕಾಲ ಸೊಟ್ಟಗಾಗಿದ್ರೂ ಅವರು ಹಿಂಗ ಒದರತಿದ್ರು. ನಾನೂ ಒದರತಿದ್ದೆ.

ಕಾಗಿನೆಲೆಯವರಲ್ಲೇ ಯಾರೋ 'ಮ್ಯಾನೇಜರ್ ಉಡಚಕ್ಕ!' ಎಂದು ಕೂಗಿದರು. ಮೆಟ್ಟಿಲಿಡೀ ನಗೆ ಎದ್ದಿತು. ಖಲಂದರನ ಮುಖದ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಇಳಿಯಿತು.

ಖಲಂದರ: ಯಾರಕ್ಕ ಈಕೀ? ವಕೀಲರೇನು?

ಉಡಚವ್ವ: ನನ್ನ ಸೊಸಿ. ಯಾಕ?

ಖಲಂದರ: ಏನಿಲ್ಲಕ್ಕ. ನಿನಗ ತಕ್ಕಾಕಿನ್ನ ತಂದೀದಿ. ಕುಂದ್ರು, ಕುಂದ್ರು. ಚಾ ಕಳಸ್ತೇನಿ.

ಫೈನಲ್ಲಿಗೆ ಇನ್ನೂ ಹೊತ್ತಿತ್ತು. ನಡುವೆ ಇನ್ನೊಂದು ಸೆಮಿಫೈನಲ್ ನಡೆಯಿತು, ರಾಣೆಬೆನ್ನೂರಿನ ತಂಡ ಸುಲಭವಾಗಿ ಗೆದ್ದಿತು. ಅದನ್ನು ಇವರು ಮೂವರೂ ನೋಡಲಿಲ್ಲ. ಹುಲಿಗೇಶ ಮಿರ್ಚಿ ಮಂಡಕ್ಕಿಯ ಪೊಟ್ಟಣ ತಂದ. ಸುಶ್ಮಿತಾ ಕೆಳಗೆ ಹೋಗಿ ತಮ್ಮನನ್ನು ನೋಡಿಕೊಂಡು ಬಂದು, ಗಂಡನ ಪಕ್ಕ ಕುಳಿತು, ನೀರಿನ ಬಾಟಲಿಯನ್ನು ಅವನ ಮುಂದಿನಿಂದ ಆ ಕಡೆಗೆ ಚಾಚಿದಳು.

ಸುಶ್ಮಿತಾ: ಅತ್ತೀ, ನೀರ ಕುಡೀರಿ.

ಉಡಚವ್ವ ರೂಢಿಯಂತೆ ಮಗನ ಮುಖ ನೋಡಿದಳು. ಆಮೇಲೆ ಬಾಟಲಿ ತೆಗೆದುಕೊಂಡಳು.

ಉಡಚವ್ವ: ಕಾಲ ಹ್ಯಾಂಗೈತಿ ಹುಡುಗಂದು?

ಸುಶ್ಮಿತಾ: ಏನೂ ಆಗಿಲ್ರಿ. ಜಿಗ್ಯಾಕತ್ತಾನ.

ಉಡಚವ್ವ: ಮತ್ತ ಹಂಗ್ಯಾಕ ಒದರಿದ?

ಸುಶ್ಮಿತಾ: ಅಂವ ಸಣ್ಣಾಂವಿದ್ದಾಗಿಂದ ಹಂಗ. ಇಂಜೆಕ್ಷನ್ ಮಾಡೂ ನರ್ಸ್ ಇನ್ನೂ ಬಾಗಿಲದಾಗ ಇರ್ತಿದ್ರು, ಇಂವ ಒದರಿ ಮುಗಿಸಿರ್ತಿದ್ದ.

ಉಡಚವ್ವ ನಕ್ಕಳು. ನಕ್ಕ ಮೇಲೆ ಮಂಡಕ್ಕಿಯ ಕಾಳನ್ನು ಬೆರಳಿನಿಂದ ಆ ಕಡೆ ಈ ಕಡೆ ಆಡಿಸಿದಳು.

ಉಡಚವ್ವ: ಒಂದ ಹೇಳ್ತೇನಿ, ಸಿಟ್ಟಾಗಬ್ಯಾಡ. ಮಗಳು ನಿನ್ನಾಕಿ. ಕೂದಲ ಬಿಡು, ಕತ್ತರಸು, ನಾ ಏನೂ ಅನ್ನಂಗಿಲ್ಲ. ಆದ್ರ ಅದು ದಿನಾ ಎದ್ದ ಕೂಡ್ಲೆ ಬಾಚಣಿಕಿ ಹಿಡ್ಕೊಂಡು ಬಂದು ನನ್ನ ಮುಂದ ಕುಂದ್ರತಿತ್ತು. ಜಡಿ ಹಾಕೂತನ ಸಾಲಿ ಸುದ್ದಿ ಎಲ್ಲಾ ಹೇಳತಿತ್ತು. ಯಾರು ಹೊಡದ್ರು, ಯಾರ ಡಬ್ಬ್ಯಾಗ ಏನಿತ್ತು, ಟೀಚರ್ ಸೀರಿ ಎಂಥಾದು. ಈಗ ಕೂದಲನ ಇಲ್ಲ, ಅದು ಕುಂದ್ರೂದೂ ಇಲ್ಲ. ನನಗ ಒಂದ ಮಾತ ಕೇಳಿ ಕತ್ತರಿಸಿದ್ರ ಆಗ್ತಿದ್ದಿಲ್ಲೇನು?

ಸುಶ್ಮಿತಾ: ಅತ್ತೀ! ನಾ ಕೇಳೇ ಕತ್ತರಿಸೇನ್ರಿ!

ಉಡಚವ್ವ: ಯಾರನ್ನ ಕೇಳಿದಿ?

ಸುಶ್ಮಿತಾ: ನಿಮ್ಮನ್ನ! ತಲ್ಯಾಗ ಹೇನ ಭಾಳ ಆಗಿದ್ವು, ಸಾಲ್ಯಾಗ ಟೀಚರ್ ಅನ್ನಾಕತ್ತಿದ್ರು. 'ಬ್ಯಾಸಿಗಿ ಮುಗಿಯೂತನ ಕೂದಲ ಕಮ್ಮಿ ಮಾಡ್ಸೂಣೇನು, ಅತ್ತೀನ್ನ ಕೇಳ್ಕೊಂಡ ಬರ್ರಿ' ಅಂತ ಇವರನ್ನ ಕಳಸಿದ್ದೆ. ಹೋಗಿ ಬಂದು 'ಅವ್ವ ಹೂಂ ಅಂದಾಳ' ಅಂದ್ರು. ಹೂಂ ಅಂದಾವ್ರು ಕತ್ತರಿಸಿದ ಮ್ಯಾಲ ಯಾಕ ಮಾರಿ ಹೊಳ್ಳಿಸಿದ್ರು ಅಂತ ನನಗ ಅದ ಸಿಟ್ಟು!

ಉಡಚವ್ವ: ನಾ ಹೂಂ ಅಂದೆ? ನಾ ಯಾವಾಗ ಹೂಂ ಅಂದೆ?

ಇಬ್ಬರೂ ಒಟ್ಟಿಗೆ ನಡುವಿನವನ ಕಡೆ ತಿರುಗಿದರು. ಹುಲಿಗೇಶನ ಬಾಯಿ ತುಂಬ ಮಂಡಕ್ಕಿ ಇತ್ತು. ಅವನು ಅದನ್ನು ಬಹಳ ಹೊತ್ತು ಅಗಿದ.

ಸುಶ್ಮಿತಾ: ನುಂಗ್ರಿ.

ಉಡಚವ್ವ: ನುಂಗಿ ಮಾತಾಡು.

ಹುಲಿಗೇಶ: ಕೇಳಾಕಂತನ ಬಂದಿದ್ದೆ ಅವ್ವಾ. ನೀ ಗೋಣೆಪ್ಪ ಮಾಮನ ಕೂಡ ಫೋನಿನ್ಯಾಗ ಮಾತಾಡಾಕತ್ತಿದ್ದಿ. ನಾ 'ಕೂದಲ ಕತ್ತರಿಸೂಣೇನು' ಅಂದೆ. ನೀ 'ಹೂಂ' ಅಂದಿ.

ಉಡಚವ್ವ: ಅದು ನಿಮ್ಮ ಮಾಮಗ ಅಂದದ್ದು! ಅಂವ ಶೇಂಗಾ ಒಣಗ್ಯಾವು ಅಂದ, ಅದಕ್ಕ ಹೂಂ ಅಂದೆ!

ಹುಲಿಗೇಶ: ನನಗ ಶೇಂಗಾ ಕೇಳಸಲಿಲ್ಲ, ಹೂಂ ಅಷ್ಟ ಕೇಳಿಸಿತು.

ಸುಶ್ಮಿತಾ: ಆತು, ಅದು ತಪ್ಪಿಲ್ಲ ಅನ್ನೂಣು. ಆಮ್ಯಾಲ? ಅತ್ತಿ ಸಿಟ್ಟಾದಾಗ ನಿಮಗ ತಿಳೀಲಿಲ್ಲೇನು?

ಹುಲಿಗೇಶ: ತಿಳೀತು.

ಉಡಚವ್ವ: ಮತ್ತ ಹೇಳಲಿಲ್ಲ ಯಾಕ?

ಹುಲಿಗೇಶ: ದಿನಾ ಹೇಳಬೇಕಂತ ಎದ್ದೇಳ್ತಿದ್ದೆ. ಆದ್ರ ಆವಾಗ ನೀವು ಒಬ್ಬರ ಮ್ಯಾಲ ಒಬ್ಬರು ಸಿಟ್ಟಾಗಿದ್ರಿ. ಹೇಳಿದ್ರ ಇಬ್ರೂ ಕೂಡಿ ನನ್ನ ಮ್ಯಾಲ ಆಗ್ತಿದ್ರಿ. ನಾ ಒಬ್ಬನ. ಹೆದರಿಕಿ ಬಂತು.

ಅವನ ದನಿ ನಿಜಕ್ಕೂ ಸಣ್ಣದಾಗಿತ್ತು. ಉಡಚವ್ವ ಸೊಸೆಯ ಕಡೆ ನೋಡಿದಳು, ಸೊಸೆ ಅತ್ತೆಯ ಕಡೆ.

ಉಡಚವ್ವ: ಏಳು.

ಹುಲಿಗೇಶ: ಎಲ್ಲಿಗವ್ವಾ?

ಉಡಚವ್ವ: ಆ ತುದಿಗೆ ಹೋಗಿ ಕುಂದ್ರು. ಇನ್ನ ನಡುವ ಬರಬ್ಯಾಡ. ಬಾರವಾ ಸುಶ್ಮಿತಾ, ಈ ಕಡೆ ಸರಿ. ಕಾವೇರಿ ಬಂದ ಮ್ಯಾಲ ಕೂದಲ ಎಷ್ಟುದ್ದ ಬಿಡೂದು ಅಂತ ಇಬ್ರೂ ಕೂತು ನೋಡೂಣು.

ಸುಶ್ಮಿತಾ: ಭುಜದ ಮಟ ಬಂದ್ರ ಒಂದ ಜಡಿ ಬರ್ತೈತ್ರಿ ಅತ್ತೀ. ಅಲ್ಲೀತನ ಬರೇ ಬಾಚ್ರಿ. ಸುದ್ದಿ ಹೇಳಾಕ ಜಡೀನ ಯಾಕ ಬೇಕು ಅದಕ್ಕ?

ಫೈನಲ್ ಶುರುವಾಗುವ ಹೊತ್ತಿಗೆ ಖಲಂದರ ಬಂದ. ಅವನ ಹಿಂದೆ ಕಾಗಿನೆಲೆಯ ಜನವೆಲ್ಲ ಬಂದು ಇವರ ಸುತ್ತ ಮೆಟ್ಟಿಲ ಮೇಲೆ ಕುಳಿತರು.

ಉಡಚವ್ವ: ಯಾಕೋ ಖಲಂದರ, ಮನಿಗೆ ಹೋಗಲಿಲ್ಲ? ನೀವು ಸೋತೀರಲ್ಲ?

ಖಲಂದರ: ಸೋತೇವಿ ಅಂತನ ಕುಂತೇವಕ್ಕ. ನಮ್ಮನ್ನ ಸೋಲಿಸಿದಾವ್ರು ಕಪ್ ಗೆದ್ರ, ನಾವು ಭಾರಿ ಟೀಮಿಗೆ ಸೋತಂಗಾತು. ಅವರೂ ಸೋತ್ರ ನಮ್ಮ ಕಿಮ್ಮತ್ತ ಏನುಳೀತು? ಇವತ್ತ ಮೋಟೆಬೆನ್ನೂರ ಗೆಲ್ಲಬೇಕು.

ಸುಶ್ಮಿತಾ: ಹಂಗಾದ್ರ 'ಹಿಡೀ' ಅಂತ ಒದರಬ್ಯಾಡ್ರಿ ಕಾಕಾ, ನಿಮ್ಮ ಮಾತ ಯಾರೂ ಕೇಳಂಗಿಲ್ಲ.

ಖಲಂದರ: ಒದರೂ ಕೆಲಸ ನಮ್ಮ ಮ್ಯಾನೇಜರಕ್ಕಂದು.

ಉಡಚವ್ವ ಆ ಕೆಲಸವನ್ನು ಮನಸಾರೆ ಮಾಡಿದಳು. ದುರ್ಗೇಶ ಎದುರು ಅಂಕಣಕ್ಕೆ ಹೋದಾಗಲೆಲ್ಲ 'ಮುಟ್ಟು, ಯಾರನ್ನರೆ ಮುಟ್ಟು, ಲಗೂ ಬಾ!' ಎಂದು ಕೂಗಿದಳು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸರಿಗೆ, ಔಟಾದವರು ಮತ್ತೆ ಒಳಗೆ ಬರುವುದು ಹೇಗೆ ಎಂದು ವಿವರಿಸಿದಳು. ವಿವರಣೆಯಲ್ಲಿ ತಪ್ಪಿದ ಕಡೆ ಸುಶ್ಮಿತಾ ತಿದ್ದಿದಳು, ತಿದ್ದಿದ್ದಕ್ಕೆ ಉಡಚವ್ವ 'ನಾನೂ ಅದನ್ನ ಅಂದೆ' ಅಂದಳು. ಸುತ್ತಲಿನವರು ಯಾವ ಊರಿನವರೆಂದು ಈಗ ಹೇಳುವುದು ಕಷ್ಟವಿತ್ತು. ಎಲ್ಲರ ಕೈಯಲ್ಲೂ ಒಂದೇ ಪೊಟ್ಟಣದ ಮಂಡಕ್ಕಿ, ಎಲ್ಲರ ಬಾಯಲ್ಲೂ ದುರ್ಗೇಶನ ಹೆಸರು.

ಆದರೂ ಮೋಟೆಬೆನ್ನೂರು ಸೋತಿತು, ಒಂದೇ ಪಾಯಿಂಟಿಗೆ. ರಾಣೆಬೆನ್ನೂರಿನ ಹುಡುಗರು ಕಪ್ ಎತ್ತಿ ಮೈದಾನ ಸುತ್ತಿದರು.

ಖಲಂದರ: ಹೋಗ್ಲಿ ಬಿಡಕ್ಕ. ಒಂದ ಪಾಯಿಂಟ್. ಸೋತಂಗೇನಲ್ಲ.

ಉಡಚವ್ವ: ಸೋತಂಗಲ್ಲ ಅಂದ್ರ? ಸೋತಾರ! ಮುಂದಿನ ಸಲ ನಾವೆಲ್ಲಾ ಮೊದಲಿಂದ ಒಂದ ಕಡೆ ಕುಂದ್ರಬೇಕು. ಇವತ್ತ ಅರ್ಧಾ ದಿನ ಬೇರೆ ಬೇರೆ ಕುಂತು ದಂಡ ಮಾಡಿದ್ವಿ.

ಹೊತ್ತು ಇಳಿಯುತ್ತಿತ್ತು. ಮೋಟೆಬೆನ್ನೂರು, ಬ್ಯಾಡಗಿ ದಾಟಿಯೇ ಕಾಗಿನೆಲೆಗೆ ಹೋಗಬೇಕಾದದ್ದರಿಂದ ಖಲಂದರ ಎಲ್ಲರನ್ನೂ ತನ್ನ ಟೆಂಪೋಕ್ಕೆ ಕರೆದ. ಹಳದಿ ಅಂಗಿ, ಕೆಂಪು ಅಂಗಿ ಒಟ್ಟಿಗೆ ಹತ್ತಿದವು. ಕೊನೆಗೆ ಅಂಜಿನಪ್ಪನೂ ದುರ್ಗೇಶನೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಬಂದರು. ಉಡಚವ್ವ ಅಳಿಯನನ್ನು ಪಕ್ಕಕ್ಕೆ ಎಳೆದಳು. ನಗುವಾಗಲೂ ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಇದ್ದೇ ಇತ್ತು.

ಉಡಚವ್ವ: ಅಂಜ್ಯಾ, ತಪ್ಪಾತೋ. ನಾ ಹಂಗ ಒದರಬಾರದಿತ್ತು. ನನ್ನ ಸಲುವಾಗಿ ನಿಮ್ಮ ಫೈನಲ್ ಹೋತು.

ಅಂಜಿನಪ್ಪ: ನೀ ಯಾವಾಗ ಒದರಿದಿ ಅತ್ತಿ?

ಉಡಚವ್ವ: ಅಯ್ಯ! 'ಬಿಡೋ ಅವನ್ನ' ಅಂದೆಲ್ಲೋ! ಅದಕ್ಕ ನೀ ಬಿಟ್ಟೆಲ್ಲ!

ಅಂಜಿನಪ್ಪ: ಆ ಗದ್ದಲದಾಗ ಯಾರ ದನಿ ಕೇಳಸ್ತೈತಿ? ನನಗ ಅಂಪೈರ್ ಸೀಟೀನ ಸರಿ ಕೇಳಲಿಲ್ಲ. ಇವನ ಕಾಲ ಬೆವತಿತ್ತು, ನನ್ನ ಕೈನೂ ಬೆವತಿತ್ತು, ಜಾರಿ ಹೋತು. ನಾ ಬಿಡತಿದ್ನೇನು? ಯಾರ ಹೇಳಿದ್ರೂ ಬಿಡತಿದ್ದಿಲ್ಲ!

ಟೆಂಪೋದ ಬಾಗಿಲಲ್ಲಿ ನಿಂತಿದ್ದ ಖಲಂದರ ಕೆಮ್ಮಿ, ಟೈರನ್ನು ಕಾಲಿನಿಂದ ಒದ್ದು ಗಾಳಿ ನೋಡತೊಡಗಿದ. ಉಡಚವ್ವ ಅಲ್ಲೇ ನಿಂತಳು. ಮುಳ್ಳು ಹೋದದ್ದಕ್ಕೆ ಖುಷಿಪಡಬೇಕೋ, ತನ್ನ ಕೂಗಿಗೆ ಯಾವ ಬೆಲೆಯೂ ಇರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಉಡಚವ್ವ: ಹಂಗಾರ ನಾ ಅಷ್ಟ ಗಂಟಲ ಹರಕೊಂಡದ್ದೆಲ್ಲಾ ದಂಡ ಆತೇನು?

ಸುಶ್ಮಿತಾ ಟೆಂಪೋದೊಳಗಿಂದ ಕೈ ಚಾಚಿ ಅತ್ತೆಯನ್ನು ಮೇಲೆ ಎಳೆದುಕೊಂಡಳು.

ಸುಶ್ಮಿತಾ: ದಂಡ ಯಾಕಾಗ್ತೈತ್ರಿ ಅತ್ತೀ? ನನಗ ಕೇಳಿತಲ್ಲ.

ಉಡಚವ್ವ ಸೊಸೆಯ ಕೈಯನ್ನು ಹಾಗೇ ಹಿಡಿದುಕೊಂಡು ಕುಳಿತಳು. ಹಿಂದಿನ ಮೂಲೆಯಿಂದ, ಏಳೆಂಟು ಆಟಗಾರರ ಮೊಳಕೈಗಳ ನಡುವಿನಿಂದ, ಹುಲಿಗೇಶನ ತಲೆ ಹೊರಬಂತು.

ಹುಲಿಗೇಶ: ನನಗೂ ಕೇಳಿತವ್ವಾ!

ಉಡಚವ್ವ: ನಿನ್ನ ಯಾರ ಕೇಳಿದ್ರು?